ನಾಟಕ ಮುಗಿದ ಮೇಲಿನ ಹಾಡು

ನಾಟಕವೊಂದು ರಂಗದಿಂದ ಇಳಿದುಹೋದ ಮೇಲೆ ಅದರ ಹಾಡುಗಳ ಗತಿಯೇನು? ಪರದೆಗಳು ಉಗ್ರಾಣ ಸೇರುವುವು; ಉಡುಪುಗಳು ಮತ್ತೊಂದು ನಾಟಕಕ್ಕೆ ಹೊಂದಿಕೊಳ್ಳುವುವು; ನಟರು ಬೇರೆ ಕೆಲಸ ಹುಡುಕಿಕೊಳ್ಳುವರು. ಹಾಡು ಮಾತ್ರ ಎಲ್ಲಿಗೂ ಸೇರದೆ ಉಳಿಯುವುದು. ಕಂಪನಿ ನಾಟಕಗಳ ಕಾಲವನ್ನು ಕಂಡ ಹಿರಿಯರು ಮನೆಯಲ್ಲಿದ್ದವರಿಗೆ ಈ ಸಂಗತಿ ಹೊಸದಲ್ಲ. ಕಥೆ ಮರೆತಿರುತ್ತದೆ, ಪಾತ್ರದ ಹೆಸರೂ ಮರೆತಿರುತ್ತದೆ. ಆದರೆ ಸಂಜೆಯ ಹೊತ್ತು ಜಗುಲಿಯ ಮೇಲೆ ಕುಳಿತವರ ಬಾಯಲ್ಲಿ ಹಾಡಿನ ಒಂದು ನುಡಿ ತಾನಾಗಿ ಬರುತ್ತದೆ.

ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವುದನ್ನೇ ತನ್ನ ಬಾಳಿನ ಉತ್ತರಾರ್ಧದ ಕೆಲಸವಾಗಿ ಮಾಡಿಕೊಂಡ ಗಾಯಕಿಯೊಬ್ಬಳ ವಿಚಾರವನ್ನು ಈ ಸಂಜೆ ಶ್ರೋತೃಗಳ ಮುಂದೆ ಇಡಬೇಕೆಂದಿದ್ದೇವೆ. ಆಕೆಯ ಹೆಸರು ಬಾರ್ಬರಾ ಕುಕ್. 1927ರಲ್ಲಿ ಹುಟ್ಟಿದಳು, 2017ರಲ್ಲಿ ತೀರಿಕೊಂಡಳು. ನಾವು ಆಕೆಯನ್ನು ಕಣ್ಣಾರೆ ಕಂಡವರಲ್ಲ, ಧ್ವನಿಮುದ್ರಿಕೆಗಳ ಮೂಲಕ ಮಾತ್ರ ಬಲ್ಲೆವು. ಈಗ ನಮ್ಮ ಮಾತನ್ನು ಕೇಳುತ್ತಿರುವವರೂ ನಮ್ಮನ್ನು ಕಾಣದೆಯೇ ಕೇಳುತ್ತಿರುವರಾದ್ದರಿಂದ ಇದನ್ನು ದೊಡ್ಡ ಕೊರತೆಯೆಂದು ಅವರು ಎಣಿಸಲಾರರೆಂದು ನಂಬಿದ್ದೇವೆ.

ಬಾರ್ಬರಾ ಕುಕ್ ಹಾಡುತ್ತಿದ್ದುದು ಹೆಚ್ಚಾಗಿ ಕ್ಯಾಬರೆಗಳಲ್ಲಿ. ಈ ಮಾತು ಕಿವಿಗೆ ಬಿದ್ದೊಡನೆ ಕೆಲವರ ಹುಬ್ಬು ಗಂಟಿಕ್ಕುವುದನ್ನು ನಾವು ಊಹಿಸಬಲ್ಲೆವು. ನಮ್ಮ ದೇಶದ ಚಲನಚಿತ್ರಗಳು ಇದಕ್ಕೆ ಅಂಟಿಸಿದ ಅರ್ಥವೇ ಬೇರೆ: ಖಳನಾಯಕನ ಹೋಟಲು, ಬಣ್ಣದ ದೀಪ, ಅರೆಬರೆ ಉಡುಪಿನ ನರ್ತಕಿ. ಮೂಲದಲ್ಲಿ ಇದು ಫ್ರೆಂಚರ ಭಾಷೆಯಲ್ಲಿ ಪಾನಗೃಹಕ್ಕೆ ಇದ್ದ ಹೆಸರು. 1881ರಲ್ಲಿ ಪ್ಯಾರಿಸ್ಸಿನ ಮೋಂಮಾರ್ತ್ರ್ ಬಡಾವಣೆಯಲ್ಲಿ ‘ಕರಿಯ ಬೆಕ್ಕು’ ಎಂಬ ಅರ್ಥ ಬರುವ ಹೆಸರಿನಿಂದ ತೆರೆದ ಒಂದು ಸ್ಥಳದಲ್ಲಿ ಕವಿಗಳೂ ಗಾಯಕರೂ ಕುಡಿಯಲು ಬಂದವರ ನಡುವೆಯೇ ನಿಂತು ತಮ್ಮ ರಚನೆಗಳನ್ನು ಹೇಳತೊಡಗಿದರು. ಆ ವಾಡಿಕೆ ಸಮುದ್ರ ದಾಟಿ ನ್ಯೂಯಾರ್ಕಿಗೆ ಬಂದಾಗ ಒಂದು ಪುಟ್ಟ ಕೊಠಡಿಯ ಸಂಗೀತವಾಗಿ ನೆಲೆಗೊಂಡಿತು. ಒಂದು ಪಿಯಾನೊ, ಬಹಳವಾದರೆ ಜೊತೆಗೆ ಇನ್ನೊಂದೆರಡು ವಾದ್ಯಗಳು, ಊಟದ ಮೇಜುಗಳ ಸುತ್ತ ನೂರಕ್ಕೆ ಮೀರದ ಜನ. ಅಲ್ಲಿ ಮೇಬೆಲ್ ಮರ್ಸರ್ ಎಂಬ ಗಾಯಕಿ ಕುರ್ಚಿಯ ಮೇಲೆ ನೆಟ್ಟಗೆ ಕುಳಿತು, ಹೆಚ್ಚು ಕೈ ಆಡಿಸದೆ, ಮಾತಿಗೂ ಹಾಡಿಗೂ ನಡುವಣ ಒಂದು ದನಿಯಲ್ಲಿ ಹಾಡುತ್ತಿದ್ದಳು; ಹೆಸರಾಂತ ಗಾಯಕರು ಆಕೆಯ ಸಾಹಿತ್ಯೋಚ್ಚಾರವನ್ನು ಕಲಿಯುವುದಕ್ಕೆಂದೇ ಬಂದು ಕೂರುತ್ತಿದ್ದರಂತೆ. ಕಾರ್ಲೈಲ್ ಎಂಬ ಹೋಟಲಿನ ಕೊಠಡಿಯಲ್ಲಿ ಬಾಬಿ ಶಾರ್ಟ್ ಎಂಬಾತನು 1968ರಿಂದ 2004ರ ವರೆಗೆ, ಮೂವತ್ತಾರು ವರ್ಷ, ಪಿಯಾನೊ ನುಡಿಸಿಕೊಂಡು ಹಾಡಿದನು. ಇದು ಒಂದು ಪರಂಪರೆ. ಇದಕ್ಕೂ ಅದರದೇ ಆದ ಶಿಸ್ತು ಉಂಟು.

ರಂಗಮಂದಿರದಲ್ಲಿ ಹಾಡಿನ ಭಾರವನ್ನು ಹೊರುವವರು ಹಲವರು. ಕಥೆ ಅದನ್ನು ಅರ್ಧ ಹೊತ್ತಿರುತ್ತದೆ. ವೇಷ, ಬೆಳಕು, ನಲವತ್ತು ಐವತ್ತು ಅಡಿ ದೂರ, ಇವೆಲ್ಲವೂ ನೆರವಿಗೆ ಬರುತ್ತವೆ. ಕ್ಯಾಬರೆಯ ಗಾಯಕಿಗೆ ಈ ಯಾವ ಆಸರೆಯೂ ಇಲ್ಲ. ಎದುರಿನ ಮೇಜಿನವನ ಚಮಚದ ಸದ್ದು ಆಕೆಗೆ ಕೇಳುತ್ತದೆ. ಆಕೆಯ ಕಣ್ಣಿನ ಚಂಚಲತೆ ಅವನಿಗೆ ಕಾಣುತ್ತದೆ. ನಾಟಕದ ಹಾಡುಗಳಿಗೆ ಸಾಮಾನ್ಯವಾಗಿ ಮುಖ್ಯ ಭಾಗಕ್ಕೆ ಮೊದಲು ಒಂದು ಪೀಠಿಕೆ ಇರುವುದುಂಟು. ಯಾರು, ಎಂಥ ಮನಸ್ಥಿತಿಯಲ್ಲಿ, ಯಾಕೆ ಹಾಡುತ್ತಿದ್ದಾರೆಂದು ಅದು ತಿಳಿಸುತ್ತದೆ. ಕುಣಿತದ ತಂಡಗಳು ಅದನ್ನು ಕತ್ತರಿಸಿ ಎಸೆದವು. ಕ್ಯಾಬರೆಯವರು ಹುಡುಕಿ ತಂದು ಮತ್ತೆ ಜೋಡಿಸಿದರು. ಇದೊಂದಕ್ಕೇ ನಾವು ಅವರಿಗೆ ಋಣಿಗಳಾಗಿರಬೇಕು.

ಆದರೂ ಇದಕ್ಕೆ ಒಂದು ಬಲವಾದ ಆಕ್ಷೇಪಣೆ ಇದೆ. 1927ರ ಡಿಸೆಂಬರಿನಲ್ಲಿ, ಬಾರ್ಬರಾ ಕುಕ್ ಹುಟ್ಟಿ ಎರಡು ತಿಂಗಳಾಗಿದ್ದಾಗ, ಜೆರೋಮ್ ಕರ್ನ್ ಸ್ವರ ಹಾಕಿ ಆಸ್ಕರ್ ಹ್ಯಾಮರ್‌ಸ್ಟೈನ್ ಮಾತು ಬರೆದ ‘ಷೋ ಬೋಟ್’ ಎಂಬ ನಾಟಕ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಬಂದಿತು. 1943ರಲ್ಲಿ ಅದೇ ಹ್ಯಾಮರ್‌ಸ್ಟೈನನು ರಿಚರ್ಡ್ ರಾಜರ್ಸ್ ಎಂಬ ಸಂಗೀತಕಾರನೊಡನೆ ಕೂಡಿ ‘ಓಕ್ಲಹೋಮ’ವನ್ನು ರಚಿಸಿದನು. ಇವುಗಳಿಗೆ ಮುಂಚೆ ಅಲ್ಲಿಯ ಬಹುಪಾಲು ನಾಟಕಗಳಲ್ಲಿ ಹಾಡನ್ನು ಎಲ್ಲಿ ಬೇಕಾದರೂ ಸಿಕ್ಕಿಸಬಹುದಾಗಿತ್ತು. ಒಂದರ ಹಾಡನ್ನು ಇನ್ನೊಂದಕ್ಕೆ ಸಾಗಿಸಿದರೂ ಕೇಳುವವರಿರಲಿಲ್ಲ. ಇವು ಬಂದ ಮೇಲೆ ಹಾಡು ಕಥೆಯ ಎಲುಬಿಗೆ ಅಂಟಿದ ಮಾಂಸವಾಯಿತು. ಪಾತ್ರಕ್ಕೆ ಮಾತಿನಲ್ಲಿ ಆಡಲಾಗದ್ದು ಉಕ್ಕಿದಾಗ ಹಾಡು ಹುಟ್ಟಬೇಕು, ಹಾಡು ಮುಗಿಯುವ ಹೊತ್ತಿಗೆ ಪಾತ್ರ ಒಂದು ಹೆಜ್ಜೆ ಮುಂದೆ ಹೋಗಿರಬೇಕು, ಎಂಬುದು ನಿಯಮವಾಯಿತು. ಹಾಗಾದರೆ ಅಂಥ ಹಾಡನ್ನು ಕಿತ್ತು ತಂದು ಊಟದ ಮೇಜಿನ ಮುಂದೆ ಹಾಡುವುದು ನ್ಯಾಯವೆ? ಹಳೆಯ ನಾಟಕಗಳಿಗೆ ಕಾಣಿಕೆಯೆಂದು ನಡೆಯುವ ಎಷ್ಟೋ ಕಾರ್ಯಕ್ರಮಗಳು ಮೇಣದ ಹೂವಿನ ಅಂಗಡಿಗಳಂತೆ ಇರುವುದನ್ನು ಕೇಳಿದ ಮೇಲೆ, ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲು ನಮಗೆ ಮನಸ್ಸು ಬಾರದು. ಇದಕ್ಕೆ ಸಮಾಧಾನವನ್ನು ವಾದದಲ್ಲಿ ಹುಡುಕುವುದಕ್ಕಿಂತ ಈಕೆಯ ಬಾಳಿನಲ್ಲಿ ಹುಡುಕುವುದು ಲೇಸು.

ದಕ್ಷಿಣದ ಜಾರ್ಜಿಯ ಸಂಸ್ಥಾನದ ಅಟ್ಲಾಂಟ ಆಕೆಯ ಊರು. ತಂದೆ ಊರೂರು ತಿರುಗಿ ಟೋಪಿ ಮಾರುತ್ತಿದ್ದವನು. ತಾಯಿ ದೂರವಾಣಿ ಕಚೇರಿಯಲ್ಲಿ ಕೆಲಸಕ್ಕಿದ್ದವಳು. ಆಕೆ ಚಿಕ್ಕವಳಾಗಿದ್ದಾಗಲೇ ಇಬ್ಬರೂ ಬೇರೆಯಾದರು. 1948ರಲ್ಲಿ ತಾಯಿಯೊಡನೆ ನ್ಯೂಯಾರ್ಕ್ ನೋಡಲು ಬಂದ ಹುಡುಗಿ ಹಿಂದಿರುಗಲೇ ಇಲ್ಲ. 1951ರಲ್ಲಿ ಬ್ರಾಡ್‌ವೇಯಲ್ಲಿ ಮೊದಲ ಪಾತ್ರ ದೊರೆಯಿತು. 1956ರಲ್ಲಿ ಲಿಯೊನಾರ್ಡ್ ಬರ್ನ್‌ಸ್ಟೈನ್ ಸಂಗೀತ ರಚಿಸಿದ ‘ಕ್ಯಾಂಡೀಡ್’ ಬಂದಿತು. ಅದರಲ್ಲಿ ನಾಯಿಕೆಯು ಮಾನಹೋಯಿತೆಂದು ಒಂದು ಗಳಿಗೆ ಗೋಳಿಡುತ್ತ, ಮರುಗಳಿಗೆಯೇ ಮೈಮೇಲಣ ವಜ್ರದೊಡವೆಗಳನ್ನು ನೋಡಿ ಕಿಲಕಿಲ ನಗುತ್ತ, ತಾರಸ್ಥಾಯಿಯ ತುತ್ತತುದಿಯಲ್ಲಿ ಹಾರಾಡುವ ಒಂದು ಹಾಡು ಇದೆ. ದೊಡ್ಡ ಸಂಗೀತನಾಟಕಗಳ ವಿದುಷಿಯರೂ ಅದಕ್ಕೆ ಅಂಜುವರು. ನಾಟಕ 73 ಪ್ರದರ್ಶನಗಳಿಗೇ ನಿಂತುಹೋಯಿತು. ಹಾಡು ನಿಲ್ಲಲಿಲ್ಲ.

ಮರುವರ್ಷ ಮೆರೆಡಿತ್ ವಿಲ್ಸನ್ ಬರೆದ ‘ದಿ ಮ್ಯೂಸಿಕ್ ಮ್ಯಾನ್’ ಬಂದಿತು. ಸಣ್ಣ ಊರೊಂದಕ್ಕೆ ವಾದ್ಯಗಳನ್ನು ಮಾರಲು ಬರುವ ಮೋಸಗಾರ, ಅವನ ಮೋಸವನ್ನು ಪತ್ತೆಮಾಡಿಯೂ ಅವನಿಗೇ ಮನಸೋಲುವ ಗ್ರಂಥಭಂಡಾರಿ ಹೆಣ್ಣು. ಆ ಹೆಣ್ಣಿನ ಪಾತ್ರ ಕುಕ್‌ಳದು. ಈ ನಾಟಕದಲ್ಲಿ ರಸಿಕರು ಗಮನಿಸತಕ್ಕ ಒಂದು ಚಮತ್ಕಾರವಿದೆ. ಮೋಸಗಾರನು ಊರನ್ನೆಲ್ಲ ಕುಣಿಸುವ ಕವಾಯತಿನ ಹಾಡಿಗೂ, ಆ ಹೆಣ್ಣು ಇನ್ನೂ ಕಾಣದ ಪ್ರಿಯನಿಗೆ ರಾತ್ರಿಯ ಹೊತ್ತು ಹೇಳುವ ಜೋಗುಳದಂಥ ಹಾಡಿಗೂ ಮಟ್ಟು ಒಂದೇ. ನಡೆ ಮಾತ್ರ ಬೇರೆ. ಇವರಿಬ್ಬರೂ ಒಂದೇ ಸ್ವರದವರೆಂದು ಕಥೆಗಿಂತ ಮುಂಚೆ ಸಂಗೀತವೇ ಹೇಳಿಬಿಡುತ್ತದೆ. ನಾಟಕ 1,375 ಸಲ ನಡೆಯಿತು. ಕುಕ್‌ಳಿಗೆ ಟೋನಿ ಪ್ರಶಸ್ತಿ ಬಂದಿತು. ಅದೇ ನಾಟಕದ ಮತ್ತೊಂದು ಪ್ರೇಮಗೀತವನ್ನು 1963ರಲ್ಲಿ ಇಂಗ್ಲೆಂಡಿನ ಬೀಟಲ್ಸ್ ಹುಡುಗರು ಹಾಡಿದರು. ನಾಟಕದ ಹೆಸರನ್ನೇ ಕೇಳದ ಕೋಟ್ಯಂತರ ಜನಕ್ಕೆ ಅದು ಅವರ ಹಾಡೇ ಆಯಿತು.

1963ರಲ್ಲಿಯೇ ‘ಷಿ ಲವ್ಸ್ ಮೀ’ ಬಂದಿತು. ಅದರ ವಿಷಯ ಸ್ವಲ್ಪ ತಡೆದು ಹೇಳುವೆವು. ಆಮೇಲೆ ಇಳಿಗಾಲ. ದೇಶದ ಕಿವಿ ಹೊಸ ಬಗೆಯ ಅಬ್ಬರದ ಸಂಗೀತದ ಕಡೆಗೆ ಹೊರಳಿತ್ತು. 1966ರಲ್ಲಿ ತಾನು ಹುಟ್ಟಿದ ವರ್ಷದ ‘ಷೋ ಬೋಟ್’ನ ಪುನಃಪ್ರಯೋಗದಲ್ಲಿ ಆಕೆ ನಾಯಿಕೆಯಾಗಿ ಹಾಡಿದಳು, ಆದರೆ 1971ರ ಹೊಸ ನಾಟಕವೊಂದು ಏಳೇ ಪ್ರದರ್ಶನಗಳಿಗೆ ಮುಚ್ಚಿತು. ಅಷ್ಟರಲ್ಲಿ ಮದುವೆ ಮುರಿದಿತ್ತು. ಕುಡಿತ ಹಿಡಿದಿತ್ತು. ದೇಹ ಸ್ಥೂಲವಾಯಿತು. ಹದಿನಾರರ ಬಾಲೆಯರ ಪಾತ್ರಕ್ಕೆಂದೇ ಹೆಸರಾಗಿದ್ದವಳಿಗೆ ಬ್ರಾಡ್‌ವೇಯಲ್ಲಿ ಕರೆ ನಿಂತಿತು. ಇದನ್ನೆಲ್ಲ ಆಕೆ ತಾನೇ ಬಹಿರಂಗವಾಗಿ ಹೇಳಿಕೊಂಡಿದ್ದಾಳೆ, 2016ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾಳೆ. ಇಲ್ಲವಾದರೆ ನಾವು ಈ ಮಾತನ್ನು ಎತ್ತುತ್ತಿರಲಿಲ್ಲ.

ಈ ಸ್ಥಿತಿಯಲ್ಲಿ ಆಕೆಗೆ ವಾಲಿ ಹಾರ್ಪರ್ ಎಂಬ ತರುಣ ಪಿಯಾನೊ ವಾದಕನ ಪರಿಚಯವಾಯಿತು. ಆತ ಬರಿಯ ಪಕ್ಕವಾದ್ಯದವನಲ್ಲ. ಹಾಡನ್ನು ಆರಿಸುವವನು, ಶ್ರುತಿ ಗೊತ್ತುಮಾಡುವವನು, ಎಲ್ಲಿ ಪಿಯಾನೊ ಸುಮ್ಮನಿರಬೇಕೆಂಬುದನ್ನು ಬಲ್ಲವನು. ಇಬ್ಬರೂ ಮೊದಲು ಪುಟ್ಟ ಕೊಠಡಿಗಳಲ್ಲಿ ಹಾಡಿ ನೋಡಿದರು. ಬಳಿಕ 1975ರ ಜನವರಿ 26ರಂದು ಕಾರ್ನೆಗಿ ಹಾಲ್ ಎಂಬ ಮಹಾ ಸಭಾಮಂದಿರದಲ್ಲಿ ಆಕೆಯ ಕಛೇರಿ ನಡೆಯಿತು. ವಯಸ್ಸು ನಲವತ್ತೇಳು. ಅಂದಿನ ಧ್ವನಿಮುದ್ರಿಕೆ ನಮಗೆ ಲಭ್ಯವಿದೆ. ಅಲ್ಲಿ ಕೇಳುವ ಚಪ್ಪಾಳೆ ಒಬ್ಬ ಗಾಯಕಿಯನ್ನು ಮೆಚ್ಚಿದವರ ಚಪ್ಪಾಳೆಯಂತಿಲ್ಲ. ದೂರ ಹೋದ ಮನೆಯ ಮಗಳು ಬಾಗಿಲಿಗೆ ಬಂದು ನಿಂತಾಗ ಏಳುವ ಗದ್ದಲದಂತಿದೆ. ಒಂದು ರಾತ್ರಿಯಲ್ಲಿ ಎಲ್ಲವೂ ನೇರ್ಪಟ್ಟಿತೆಂದು ಶ್ರೋತೃಗಳು ತಿಳಿಯಬಾರದು. ಕುಡಿತ ಬಿಡಲು ಆಮೇಲೆಯೂ ಕೆಲವು ಕಾಲ ಹಿಡಿಯಿತು. ಆದರೆ ದಾರಿ ಸಿಕ್ಕಿತ್ತು. ಹಾರ್ಪರನು 2004ರಲ್ಲಿ ಸಾಯುವವರೆಗೆ, ಸುಮಾರು ಮೂವತ್ತು ವರ್ಷ, ಈ ಜೊತೆ ಮುರಿಯಲಿಲ್ಲ.

ಈಗ ‘ಷಿ ಲವ್ಸ್ ಮೀ’ಯ ಹಾಡಿಗೆ ಬರೋಣ. ಸಂಗೀತ ಜೆರಿ ಬಾಕ್‌ನದು, ಸಾಹಿತ್ಯ ಶೆಲ್ಡನ್ ಹಾರ್ನಿಕ್‌ನದು. ಬುಡಾಪೆಸ್ಟ್ ನಗರದ ಒಂದು ಸುಗಂಧದ್ರವ್ಯದ ಅಂಗಡಿ. ಅಲ್ಲಿ ಕೆಲಸಕ್ಕಿರುವ ಒಬ್ಬ ಗಂಡಿಗೂ ಒಬ್ಬ ಹೆಣ್ಣಿಗೂ ದಿನವೂ ಜಗಳ. ಇಬ್ಬರೂ ಹೆಸರು ಗೊತ್ತಿಲ್ಲದ ಸ್ನೇಹಿತರೊಬ್ಬರಿಗೆ ಪತ್ರ ಬರೆಯುತ್ತಿರುತ್ತಾರೆ. ಬರೆಯುತ್ತಿರುವುದು ಒಬ್ಬರಿಗೊಬ್ಬರೇ ಎಂದು ಮೊದಲು ಇಬ್ಬರಿಗೂ ತಿಳಿಯದು. ಪತ್ರದ ಗೆಳೆಯನನ್ನು ಕಾಣಲು ಹೋಗಿ ನಿರಾಶಳಾದ ಹುಡುಗಿ ಮರುದಿನ ಹಾಸಿಗೆ ಹಿಡಿದಿದ್ದಾಳೆ. ಆ ಹೊತ್ತಿಗೆ ಗುಟ್ಟನ್ನು ಅರಿತಿದ್ದ ಜಗಳಗಂಟ ಒಂದು ಪೊಟ್ಟಣ ಐಸ್‌ಕ್ರೀಮು ಹಿಡಿದುಕೊಂಡು ನೋಡಲು ಬರುತ್ತಾನೆ. ಅವನು ಹೋದ ಮೇಲೆ ಹುಡುಗಿ ಪತ್ರದ ಗೆಳೆಯನಿಗೆ ಕಾಗದ ಬರೆಯಲು ಕೂರುತ್ತಾಳೆ. ಒಂದು ಸಾಲು ಗೆಳೆಯನಿಗೆ ಬರೆದರೆ ಮುಂದಿನ ಆಲೋಚನೆ ಐಸ್‌ಕ್ರೀಮು ತಂದವನ ಕಡೆಗೆ ಜಾರುತ್ತದೆ. ಕಾಗದ ಹರಿದು ಮತ್ತೆ ಆರಂಭ. ಮತ್ತೆ ಅದೇ ಜಾರು. ಕೊನೆಗೆ ಕಾಗದ ಎಲ್ಲೋ ಉಳಿದು ದನಿ ಮಾತ್ರ ತಾರಸ್ಥಾಯಿಗೆ ಏರಿಬಿಡುತ್ತದೆ. ಬೇಡದವನೆಂದು ಬಗೆದವನು ಬೇಕಾದವನಾದುದು ಆಕೆಗೆ ತಿಳಿಯುವ ಮೊದಲೇ ಕೇಳುವ ನಮಗೆ ತಿಳಿಯುತ್ತದೆ. ಕಥೆಗೆ ಇಷ್ಟು ಬಿಗಿಯಾಗಿ ಹೆಣೆದ ಹಾಡು ಬ್ರಾಡ್‌ವೇಯಲ್ಲಿಯೂ ಬಹಳ ಇಲ್ಲ.

ಈ ಹಾಡನ್ನು ಮೂವತ್ತೈದರಲ್ಲಿ ರಂಗದ ಮೇಲೆ ಹಾಡಿದವಳು ಅರವತ್ತು ದಾಟಿದ ಮೇಲೂ ಕಛೇರಿಗಳಲ್ಲಿ ಹಾಡಿದಳು. ಹಾಸಿಗೆಯಿಲ್ಲ, ಕಾಗದವಿಲ್ಲ, ಬುಡಾಪೆಸ್ಟ್ ಇಲ್ಲ. ಎದುರಿಗಿರುವವಳು ಬೆಳ್ಳಿಗೂದಲಿನ ದಪ್ಪ ಮೈಯ ಹೆಂಗಸು. ಆದರೂ ಹಾಡು ಕುಂಟುವುದಿಲ್ಲ. ಹುಡುಗಿಯ ಕಕ್ಕಾಬಿಕ್ಕಿಯನ್ನು ನಟಿಸುವ ಗೋಜಿಗೆ ಆಕೆ ಹೋಗುವುದಿಲ್ಲ; ಇಂಥ ಕಕ್ಕಾಬಿಕ್ಕಿ ಯಾವ ವಯಸ್ಸಿನಲ್ಲಿಯೂ ಬಂದೀತೆಂಬ ಒಂದು ಬೆರಗು ಅಲ್ಲಿ ಕೇಳಿಬರುತ್ತದೆ. ನಾಟಕದಲ್ಲಿ ಹಾಡು ಪಾತ್ರದ ನಾಳೆಯ ಕಡೆಗೆ ನೋಡುತ್ತದೆ. ಇಲ್ಲಿ ಅದೇ ಹಾಡಿಗೆ ಹಾಡುವವಳ ನಿನ್ನೆಗಳೆಲ್ಲ ಬಂದು ಸೇರಿಕೊಂಡಿವೆ. ಹಾಡನ್ನು ಕಿತ್ತು ತಂದದ್ದೇನೋ ನಿಜ. ಆದರೆ ತಂದವಳು ನೆಡುವುದಕ್ಕೆ ಬೇರೊಂದು ನೆಲವನ್ನು ಒದಗಿಸಿದ್ದಳು, ಆ ನೆಲ ಆಕೆಯ ಆಯುಸ್ಸೇ ಆಗಿತ್ತು. ಮೇಣದ ಹೂವು ಮಾರುವವರಲ್ಲಿ ಇಲ್ಲದ್ದು ಇದು.

ಸ್ಟೀಫನ್ ಸಾಂಡ್‌ಹೈಮ್‌ನ ಹಾಡುಗಳಿಗೂ ಆಕೆಗೂ ಇದ್ದ ನಂಟನ್ನು ಹೇಳದಿದ್ದರೆ ಈ ಮಾತು ಅರೆಯಾಗುವುದು. ಸಾಂಡ್‌ಹೈಮನು ಬಾಲ್ಯದಲ್ಲಿ ಹ್ಯಾಮರ್‌ಸ್ಟೈನನ ನೆರೆಯಲ್ಲಿ ಬೆಳೆದು ಅವನಿಂದಲೇ ನಾಟಕದ ಹಾಡು ಕಟ್ಟುವುದನ್ನು ಕಲಿತವನು. 1971ರ ಅವನ ‘ಫಾಲೀಸ್’ ನಾಟಕದಲ್ಲಿ, ಕೆಡವಲು ಗೊತ್ತಾಗಿರುವ ಒಂದು ರಂಗಮಂದಿರಕ್ಕೆ ಅಲ್ಲಿ ಹಿಂದೆ ಕುಣಿದು ಹಾಡಿದ ಹೆಂಗಸರು ಮುಪ್ಪಿನಲ್ಲಿ ಒಂದು ರಾತ್ರಿ ಮತ್ತೆ ಬಂದು ಸೇರುತ್ತಾರೆ. ಅದರ ಎಷ್ಟೋ ಹಾಡುಗಳನ್ನು ಹಿಂದಿನ ತಲೆಮಾರಿನ ಸಂಗೀತಕಾರರ ಶೈಲಿಯಲ್ಲಿ ಬೇಕೆಂದೇ ಕಟ್ಟಿದ್ದಾನೆ. ಆದ್ದರಿಂದ ನಾಟಕವೇ ಹಳೆಯ ನಾಟಕಗಳಿಗೆ ಸಲ್ಲಿಸಿದ ಕಾಣಿಕೆ. 1985ರಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರಿನಲ್ಲಿ ಇದನ್ನು ದೊಡ್ಡ ವಾದ್ಯವೃಂದದೊಡನೆ ಕಛೇರಿಯ ರೂಪದಲ್ಲಿ ನಡೆಸಿದಾಗ ಕುಕ್ ಅದರಲ್ಲಿ ಸ್ಯಾಲಿ ಎಂಬವಳ ಹಾಡುಗಳನ್ನು ಹಾಡಿದಳು. ಮದುವೆಯಾದವನೊಡನೆ ಬಾಳಿಯೂ, ಮದುವೆಯಾಗದವನನ್ನು ಬೆಳಗಿನ ಕಾಫಿಯಿಂದ ರಾತ್ರಿಯ ನಿದ್ದೆಗೇಡಿನವರೆಗೆ ನೆನೆಯುತ್ತ ಬುದ್ಧಿ ಕದಡಿಕೊಂಡವಳು ಸ್ಯಾಲಿ. ಇಂಥ ಹಾಡನ್ನು ಕಿರಿಚಿ ಹಾಡುವ ಗಾಯಕಿಯರು ಬಹಳ. ಈಕೆ ಗೃಹಕೃತ್ಯದ ಪಟ್ಟಿ ಓದುವವಳಂತೆ ಮೆಲ್ಲಗೆ ಆರಂಭಿಸುತ್ತಾಳೆ. ನಮಗೆ ಭಯವಾಗುವುದು ಆ ಮೆಲುದನಿಗೇ.

2001ರಲ್ಲಿ ಮತ್ತೆ ಕಾರ್ನೆಗಿ ಹಾಲಿನಲ್ಲಿ ‘ಬಹುಪಾಲು ಸಾಂಡ್‌ಹೈಮ್’ ಎಂಬ ಅರ್ಥದ ಹೆಸರಿನ ಕಛೇರಿ. ಅದರ ಹೊಂದಿಕೆ ರಸವತ್ತಾದುದು. ತಾನು ಬರೆದಿದ್ದರೆ ಚೆನ್ನಾಗಿತ್ತೆಂದು ತನಗೆ ಅನಿಸಿದ ಪರರ ಹಾಡುಗಳ ಪಟ್ಟಿಯೊಂದನ್ನು ಸಾಂಡ್‌ಹೈಮನು ಹೊರಗೆ ತಿಳಿಸಿದ್ದನು. ಕುಕ್ ಅವನ ಹಾಡುಗಳ ಜೊತೆಗೆ ಆ ಪಟ್ಟಿಯೊಳಗಿನ ಇರ್ವಿಂಗ್ ಬರ್ಲಿನ್, ಹೆರಲ್ಡ್ ಆರ್ಲೆನ್ ಮೊದಲಾದವರ ಹಾಡುಗಳನ್ನೂ ಸೇರಿಸಿ ಹಾಡಿದಳು. ಒಬ್ಬ ಕರ್ತೃವಿಗೆ ಕಾಣಿಕೆ ಸಲ್ಲಿಸುವಾಗ ಅವನ ಗೌರವಕ್ಕೆ ಪಾತ್ರರಾದವರನ್ನೂ ಮನೆಗೆ ಕರೆದಂತಾಯಿತು. ಆತನ ಸೊಟ್ಟ ನಗೆಯ ಹಾಡುಗಳಿಗೆ ಈಕೆಯ ದನಿ ಒಮ್ಮೊಮ್ಮೆ ತೀರ ಮೃದುವಾಯಿತೆಂದು ನಮಗೆ ತೋರಿದ್ದುಂಟು. ಆದರೆ ದುಃಖದ ಹಾಡುಗಳಲ್ಲಿ ಈಕೆಗೆ ಸಮಾನರಾದವರನ್ನು ನಾವು ಕೇಳಿಲ್ಲ.

ಆಕಾಶವಾಣಿಯ ಶ್ರೋತೃಗಳಿಗೆ ವಿಶೇಷವಾಗಿ ರುಚಿಸತಕ್ಕ ಒಂದು ವಾಡಿಕೆಯೂ ಆಕೆಗಿತ್ತು. ಕ್ಯಾಬರೆಯ ಕಲೆ ಬೆಳೆದುದು ಧ್ವನಿಗ್ರಾಹಕದ ಬಲದಿಂದ. ಪಿಸುಮಾತನ್ನೂ ಮೂಲೆಯ ಮೇಜಿಗೆ ಮುಟ್ಟಿಸುವುದು ಆ ಯಂತ್ರ. ಕಛೇರಿಯ ಕೊನೆಯ ಹಾಡಿಗೆ ಆಕೆ ಅದನ್ನು ಬದಿಗಿಟ್ಟು ಬರಿಯ ಕೊರಳಿನಿಂದ ಹಾಡುತ್ತಿದ್ದಳು. ಸಾವಿರಾರು ಜನರಿರುವ ಮಂದಿರದಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗಬೇಕಾಗುತ್ತಿತ್ತು. ಇಂಥ ಯಂತ್ರದ ಮುಂದೆ ಕುಳಿತೇ ಈ ಸಂಗತಿಯನ್ನು ಹೇಳುವಾಗ ನಮಗೆ ಸ್ವಲ್ಪ ನಾಚಿಕೆಯಾಗುತ್ತಿದೆ.

ಆಕೆ ಎಳೆಯ ಗಾಯಕರಿಗೆ ಪಾಠವನ್ನೂ ಹೇಳುತ್ತಿದ್ದಳು. ಸುಂದರವಾದ ದನಿ ತೋರಿಸಲು ನಿಂತವರನ್ನು ತಡೆದು, ದನಿಯನ್ನು ಬದಿಗಿಟ್ಟು ಆ ಮಾತನ್ನು ಯಾರಿಗೆ ಹೇಳುತ್ತಿರುವೆಯೆಂದು ಮೊದಲು ಗೊತ್ತುಮಾಡಿಕೊ, ನೀನು ನೀನಾಗಿದ್ದರೆ ಸಾಕು, ಎಂಬುದು ಆಕೆಯ ಬೋಧನೆಯ ಸಾರ. ಕೇಳುವುದಕ್ಕೆ ಸುಲಭ, ಕಲಿತವರು ಪಟ್ಟ ಪಾಡನ್ನು ಕೇಳಬೇಕು.

2006ರಲ್ಲಿ ಮೆಟ್ರೊಪಾಲಿಟನ್ ಒಪೆರಾ ಎಂಬ ಶಾಸ್ತ್ರೀಯ ಸಂಗೀತದ ಭವನದಲ್ಲಿ ಆಕೆಯ ಕಛೇರಿ ನಡೆಯಿತು. 2010ರಲ್ಲಿ, ಎಂಬತ್ತೆರಡರಲ್ಲಿ, ಸಾಂಡ್‌ಹೈಮನ ಹಾಡುಗಳ ಒಂದು ಪ್ರದರ್ಶನಕ್ಕಾಗಿ ಬ್ರಾಡ್‌ವೇಗೆ ಹಿಂದಿರುಗಿದಳು. 2011ರಲ್ಲಿ ರಾಷ್ಟ್ರದ ಗೌರವವಾದ ಕೆನೆಡಿ ಸೆಂಟರ್ ಸನ್ಮಾನ ದೊರೆಯಿತು. 2017ರ ಆಗಸ್ಟ್ 8ರಂದು ತೀರಿಕೊಂಡಾಗ ಬ್ರಾಡ್‌ವೇಯ ರಂಗಮಂದಿರಗಳು ತಮ್ಮ ಹೊರದೀಪಗಳನ್ನು ಒಂದು ನಿಮಿಷ ತಗ್ಗಿಸಿದವು.

ಆಕೆಯನ್ನು ಕೇಳಬೇಕೆಂದು ಮನಸ್ಸಾದವರು ಮೊದಲು ‘ಷಿ ಲವ್ಸ್ ಮೀ’ಯ 1963ರ ಮುದ್ರಿಕೆಯಲ್ಲಿ ಐಸ್‌ಕ್ರೀಮಿನ ಹಾಡನ್ನು ಕೇಳಲಿ. ಒಂದೆರಡು ದಿನ ಬಿಟ್ಟು, ಮುಪ್ಪಿನಲ್ಲಿ ಯಾವುದಾದರೊಂದು ಕಛೇರಿಯಲ್ಲಿ ಹಾಡಿದ ಅದೇ ಹಾಡನ್ನು ಕೇಳಲಿ. ಎರಡನ್ನೂ ಒಂದೇ ಸಂಜೆ ಕೇಳುವುದು ಬೇಡ. ನಾವು ಹಾಗೆ ಮಾಡಿ, ಆ ರಾತ್ರಿ ಮತ್ತೇನನ್ನೂ ಕೇಳಲಾರದೆ ಯಂತ್ರವನ್ನು ಮುಚ್ಚಿ ಕುಳಿತೆವು.